ನಮ್ಮತ್ತೆ ಪಾಸು ಮಾಡಿದ ಡಾಕ್ಟರುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ನೀವು ಯಾವಾಗಲಾದರೂ ಕಾಯಿಲೆ ಬಿದ್ದು ಆಸ್ಪತ್ರೆಗೆ ಹೋಗಿದ್ದೀರಾ? ಅಲ್ಲಿನ ಎಳೆಯ ಡಾಕ್ಟರು ನಿಮ್ಮ ಎದೆಗೆ ಸ್ಟೆತಸ್ಕೋಪ್ ಇಡುವ ಮುಂಚೆ ಅದರ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡರಾ? ಹಾಗಾದರೆ ಅವರನ್ನು ಪಾಸು ಮಾಡಿದ್ದು ನಮ್ಮ ಸೋದರತ್ತೆ ಎಂದು ತಿಳಿಯಿರಿ. ಉಜ್ಜದೆ ತಣ್ಣಗೆ ಹಾಗೇ ಇಟ್ಟು ನಿಮ್ಮನ್ನು ಬೆಚ್ಚಿಬೀಳಿಸಿದರೋ, ಅವರು ನಮ್ಮತ್ತೆಯ ಕಣ್ಣು ತಪ್ಪಿಸಿ ಪಾಸಾದವರು!

ನಿಮ್ಮತ್ತೆ ಯಾವ ಮೆಡಿಕಲ್ ಕಾಲೇಜಿನ ಪ್ರೊಫೆಸರಮ್ಮ ಎಂದು ಕೇಳುತ್ತೀರೇನೋ. ಅವಳು ಓದಿದ್ದು ಪುರವರದ ಶಾಲೆಯಲ್ಲಿ ಏಳನೇ ಕ್ಲಾಸು. ಅದರಲ್ಲೂ ಲೆಕ್ಕ ಹೋಗಿತ್ತು. ಮಧುಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವುದು ಅವಳ ಕಸುಬು. ಪರೀಕ್ಷೆ ಬಂದಾಗ ಮಾತ್ರ ಮಿಷನ್ನಿಗೆ ಬಟ್ಟೆ ಮುಚ್ಚಿ, ಡಾಕ್ಟರಾಗಲು ಹೊರಟ ಮಕ್ಕಳನ್ನು ಒರೆಗೆ ಹಚ್ಚಲು ಹೊರಡುತ್ತಿದ್ದಳು.

ಸಂಗತಿ ಏನೆಂದರೆ, ಅತ್ತೆಯ ಎದೆಯಲ್ಲಿ ಹುಟ್ಟಿನಿಂದಲೂ ಒಂದು ಸದ್ದಿತ್ತು. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ಹೃದಯದ ಹತ್ತಿರ ರಕ್ತ ಹರಿಯುವುದಕ್ಕೆ ಒಂದು ಸಣ್ಣ ಅಡ್ಡದಾರಿ ಇರುತ್ತದಂತೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕಂತೆ. ಅತ್ತೆಯದು ಮುಚ್ಚಿಕೊಳ್ಳಲಿಲ್ಲ. ನೋಡಿ, ಆಗಲೇ ಹಟ! ಹಾಗಾಗಿ ಎಲ್ಲರ ಎದೆ ಲಬ್-ಡಬ್ ಎಂದರೆ ಅವಳದು ಬಿಡುವಿಲ್ಲದೆ ಗುರ್ರ್ ಎನ್ನುತ್ತಿತ್ತು. ಆಚೆ ಬೀದಿಯಲ್ಲಿ ಹಿಟ್ಟಿನ ಗಿರಣಿ ಓಡುವ ಸದ್ದಿದ್ದ ಹಾಗೆ. ಮನೆಯಲ್ಲಿ ನಾವೆಲ್ಲ ಅದಕ್ಕೆ ಇಟ್ಟಿದ್ದ ಹೆಸರು 'ಅತ್ತೆ ಮಿಲ್ಲು'. ಚಿಕ್ಕವಳಿದ್ದಾಗ ನಾನು ಮಿಲ್ಲಿನ ಮೇಲೆ ಕಿವಿಯಿಟ್ಟೇ ಮಲಗುತ್ತಿದ್ದೆ. ನಮ್ಮಮ್ಮನ ಎದೆಯಲ್ಲಿ ಮಿಲ್ಲು ಇಲ್ಲವೆಂದು ಗೊತ್ತಾದ ದಿನ, ಪಾಪ, ಅಮ್ಮನಿಗೇನೋ ಕಾಯಿಲೆ ಎಂದು ಅತ್ತಿದ್ದೆನಂತೆ!

ಅತ್ತೆಯನ್ನು ಹುಲಿಕುಂಟೆ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಒಮ್ಮೆ ಜ್ವರ ಬಂತೆಂದು ತೋರಿಸಲು ಕರೆದುಕೊಂಡು ಹೋದಾಗ ಯಾರೋ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಇವಳ ಹತ್ತಿರ ಒಂದು ಮಾತೂ ಆಡದೆ, ಹೊರಗೆ ಹೋಗಿ ಗಂಡನ ಮನೆಯವರಿಗೆ "ಈ ಹುಡುಗಿ ಎದೆ ಸರಿ ಇಲ್ಲ" ಎಂದರಂತೆ. ವಾರ ಕಳೆಯುವುದರೊಳಗೆ ಹುಲಿಕುಂಟೆಯವರು ಟ್ರಂಕಿನ ಸಮೇತ ಅವಳನ್ನು ತವರು ಪುರವರಕ್ಕೆ ತಂದು ಬಿಟ್ಟು ಹೋದರು. ಇದು ನಮ್ಮಪ್ಪ ಹೇಳಿದ್ದು. ಅತ್ತೆಯನ್ನು ಕೇಳಿದರೆ, "ಟ್ರಂಕಲ್ಲಿ ಕತ್ರಿ ಇತ್ತು, ಅಷ್ಟು ಸಾಕಾತು ಬುಡು" ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ನಮ್ಮಪ್ಪ ಅವಳನ್ನು ಜಿಲ್ಲಾ ಕೇಂದ್ರದ ಕಡೆಯ ಒಂದು ಮೆಡಿಕಲ್ ಕಾಲೇಜಿಗೆ ತೋರಿಸಲು ಕರೆದೊಯ್ದರು. ಅಲ್ಲಿನ ಪ್ರೊಫೆಸರು ಎದೆಗೆ ಕಿವಿಗೊಟ್ಟವರೇ ಮುಖ ಅರಳಿಸಿ, "ಅಮ್ಮಾ, ಎಷ್ಟು ಚೆನ್ನಾಗಿದೆ ನಿಮ್ಮ ಸದ್ದು! ಪುಸ್ತಕದಲ್ಲಿ ಬರೆದ ಹಾಗೇ ಇದೆ. ನಮ್ಮ ಮಕ್ಕಳ ಪರೀಕ್ಷೆಗೆ ಬರ್ತೀರಾ?" ಎಂದು ಕೇಳಿದರಂತೆ. ಡಾಕ್ಟರಾಗುವವರಿಗೆ ಬರಿಯ ಬರೆಯುವ ಪರೀಕ್ಷೆ ಸಾಲದು ನೋಡಿ. ನಿಜವಾದ ರೋಗಿಯನ್ನು ಮುಂದೆ ಮಲಗಿಸಿ, ಮುಟ್ಟಿ, ಕೇಳಿ, ಇಂಥದ್ದೇ ಕಾಯಿಲೆ ಎಂದು ಹೇಳಿಸುತ್ತಾರೆ. ಹಾಗೆ ಮಲಗಲು ಅತ್ತೆಗೆ ಬುಲಾವ್ ಬಂತು. "ಈ ದಾರಿ ಮುಚ್ಚಿಸಿಕೊಳ್ಳೋದು ಒಳ್ಳೇದಮ್ಮ" ಎಂದೂ ಅವರು ಹೇಳಿದ್ದರು. ಅತ್ತೆಯ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ.

ಆವತ್ತಿನಿಂದ ನಮ್ಮತ್ತೆಯ ದೃಷ್ಟಿಯಲ್ಲಿ ಅವಳು ರೋಗಿಯಲ್ಲ, ಪರೀಕ್ಷಕಿ! ಬಸ್ಸಿನಲ್ಲಿ ಕಂಡಕ್ಟರು, "ಎಲ್ಲಿಗಮ್ಮ ಇಷ್ಟ್ ಬೆಳಿಗ್ಗೆ?" ಎಂದರೆ, "ಪರೀಕ್ಷೆ ಐತೆ ಕಣಪ್ಪ."

"ಈ ವಯಸ್ಸಲ್ಲಿ ಏನ್ ಪರೀಕ್ಷೆ ಬರೀತೀಯಮ್ಮ?"

"ಬರಿಯೋಳಲ್ಲ ಕಣ್ಲಾ, ತಗಳೋಳು!"

ಕಂಡಕ್ಟರು ಅವಳ ಕೊರಳಿನ ಕಡೆ ನೋಡುತ್ತಿದ್ದ. ಅಲ್ಲಿ ಅಳತೆ ಟೇಪು ನೇತಾಡುತ್ತಿರುತ್ತಿತ್ತು. ಎಲ್ಲಿಗೆ ಹೋದರೂ ಅದನ್ನು ಹಾಕಿಕೊಂಡೇ ಹೋಗುವುದು ಅವಳ ರೂಢಿ. "ಡಾಕ್ಟ್ರುಗಳ ಕೊರಳಲ್ಲಿ ಅದು, ನನ್ ಕೊರಳಲ್ಲಿ ಇದು" ಎನ್ನುತ್ತಿದ್ದಳು. ಒಮ್ಮೆ ಪುರವರದ ಕಡೆಯಿಂದ ಬರುವಾಗ ಹೊಳವನಹಳ್ಳಿಯಲ್ಲಿ ಬಸ್ಸು ಹತ್ತಿದ ಯಾರೋ ಮುದುಕಿ, ಇವಳನ್ನು ನಿಜವಾದ ಡಾಕ್ಟರೆಂದು ನಂಬಿ ಕೊರಟಗೆರೆ ಬರುವ ತನಕ ತನ್ನ ಮಂಡಿನೋವು ಹೇಳಿಕೊಂಡಿದ್ದೂ ಉಂಟು. ಅತ್ತೆ ಮಂಡಿ ಒತ್ತಿ ನೋಡಿ, "ಒಳ್ಳೆ ಡಾಕ್ಟ್ರಿಗೆ ತೋರ್ಸು. ತಣ್ಣನೆ ಕೈಯವ್ರಿಗೆ ತೋರಿಸ್ಬ್ಯಾಡ" ಎಂದು ಸಲಹೆ ಕೊಟ್ಟಳು.

ನಾನು ಕೊರಟಗೆರೆಯಲ್ಲಿ ಹೈಸ್ಕೂಲ್ ಮೇಡಂ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಹೋಗುವವಳು. ಮನೆಯಲ್ಲಿ ನಾನು ಆ ಬಗ್ಗೆ ಸ್ವಲ್ಪ ಜಂಬದಿಂದ ಮಾತಾಡಿದರೆ ಅತ್ತೆಗೆ ತಡೆಯಲಾಗುತ್ತಿರಲಿಲ್ಲ. "ನೀನ್ ತಿದ್ದೋದು ಪೇಪರು ಕಣೇ, ನಾನ್ ತಿದ್ದೋದು ಡಾಕ್ಟ್ರುನ್ನ. ನೀನ್ ಎಡವಟ್ ಮಾಡಿದ್ರೆ ನಿನ್ನುಡ್ಗ ಕಾಗುಣಿತ ತಪ್ತಾನೆ. ನಾನ್ ಮಾಡಿದ್ರೆ ಜನ ಹೋಯ್ತಾರೆ!" ನಾನು ತಟ್ಟೆಗೆ ಅನ್ನ ಬಡಿಸಿಕೊಳ್ಳುತ್ತಿದ್ದೆ.

ಪರೀಕ್ಷೆಯಲ್ಲಿ ಅವಳದು ಮಹಾ ಕಟ್ಟುನಿಟ್ಟು. ಪ್ರೊಫೆಸರು ಆಚೆ ಹೋದ ತಕ್ಷಣ ಹುಡುಗರು ರೋಗಿಯ ಕಿವಿಗೆ ಬಾಗಿ, "ಅಮ್ಮಾ, ನಿಮಗೆ ಏನು ಕಾಯಿಲೆ ಅಂತ ಹೇಳಿದ್ದಾರೆ?" ಎಂದು ಪಿಸುಗುಟ್ಟುವುದು ಹಳೆಯ ಕಾಲದಿಂದ ನಡೆದು ಬಂದದ್ದಂತೆ. ಪಕ್ಕದ ಮಂಚದವರು ಕರುಣೆಯಿಂದ ಹೇಳಿಬಿಡುತ್ತಿದ್ದರಂತೆ. ನಮ್ಮತ್ತೆ? "ಲೇ, ಕಾಪಿ ಹೊಡೀತೀಯೇನ್ಲಾ? ಕಿವೀಗ್ ಸಿಗಿಸ್ಕಂಡಿದೀಯಲ್ಲ, ಅದ್ರಲ್ಲಿ ಕೇಳು!" ಒಬ್ಬ ಹುಡುಗ ಮುಂಚೆಯೇ ಬಾದಾಮಿ ಹಾಲು ತಂದುಕೊಟ್ಟು ಪುಸಲಾಯಿಸಿದನಂತೆ. ಅತ್ತೆ ಹಾಲು ಕುಡಿದು, ಬಾಯಿ ಒರೆಸಿಕೊಂಡು, "ಸಕ್ರೆ ಜಾಸ್ತಿ ಆತು" ಎಂದಳೇ ಹೊರತು ಬೇರೇನೂ ಬಾಯಿ ಬಿಡಲಿಲ್ಲ.

ಅವಳು ನೋಡುತ್ತಿದ್ದುದೇ ಬೇರೆ. ಬ್ಲೌಸ್ ಹೊಲಿಯುವವಳಲ್ಲವೇ, ಇನ್ನೊಬ್ಬರ ಮೈ ಮುಟ್ಟುವುದರ ಬಗ್ಗೆ ಅವಳಿಗೆ ಖಡಾಖಂಡಿತ ಅಭಿಪ್ರಾಯಗಳಿದ್ದವು. ಹೆಸರು ಕೇಳಬೇಕು. ಕೇಳಿದ ಹೆಸರಿನಿಂದ ಕರೆಯಬೇಕು. ಪರದೆ ಎಳೆಯಬೇಕು. "ಮುಟ್ಲಾ?" ಎನ್ನಬೇಕು. ಬಿಲ್ಲೆ ಬೆಚ್ಚಗಿರಬೇಕು. ನೋಡಿದ್ದು ಮುಗಿದ ಮೇಲೆ ಸೆರಗು ಸರಿ ಮಾಡಿಕೊಳ್ಳಲು ಬಿಟ್ಟು ಆಮೇಲೆ ಮಾತಾಡಬೇಕು. ಕಾಯಿಲೆ ಯಾವುದೆಂದು ಹೇಳುವುದೆಲ್ಲ ಆಮೇಲಿನ ವಿಚಾರ. ಪ್ರೊಫೆಸರೂ ಒಳ್ಳೆಯ ಗಮ್ಮತ್ತಿನ ಮನುಷ್ಯ. ಕೊನೆಗೆ, "ಹೆಂಗಿದ್ರಮ್ಮ ಹುಡುಗರು?" ಎಂದು ಕೇಳುತ್ತಿದ್ದರಂತೆ. ಒಮ್ಮೆ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಹೇಳಿದ ಕಾಲೇಜಿನ ಮೊದಲ ಸ್ಥಾನದ ಹುಡುಗನನ್ನು ತೋರಿಸಿ ಅತ್ತೆ, "ಇವ್ನು ಫೇಲು" ಎಂದುಬಿಟ್ಟಳು. ಯಾಕಮ್ಮ ಎಂದರೆ, "ನನ್ ಮುಖಾನೇ ನೋಡ್ಲಿಲ್ಲ. ಎದೆ ನೋಡಿ ಎದ್ದೋದ. ನಾನ್ ಬರ್ದೆ ಎದೆ ಒಂದ್ನೇ ಕಳ್ಸಿದ್ರೂ ಆಗ್ತಿತ್ತು!" ಪ್ರೊಫೆಸರು ಹುಡುಗನನ್ನು ಫೇಲು ಮಾಡಲಿಲ್ಲ. ಆದರೆ ಅವನನ್ನು ಮತ್ತೆ ಕರೆಸಿ, ಅತ್ತೆಯ ಮುಂದೆ ಕೂರಿಸಿ, ಅವಳ ಮುಖ ನೋಡಿ ಹೆಸರು ಕೇಳುವಂತೆ ಮಾಡಿದರು.

ಮಕ್ಕಳೇನು ಕಡಿಮೆಯೇ? ಪಾಸಾಗಿ ಹೋಗುವವರು ಕಿರಿಯರಿಗೆ ಗುಟ್ಟು ಹೇಳಿಕೊಟ್ಟು ಹೋಗತೊಡಗಿದರು: ದಪ್ಪ ಮೂಗುಬೊಟ್ಟು, ಕೊರಳಲ್ಲಿ ಅಳತೆ ಟೇಪು ಇರುವ ಅಮ್ಮ ಬಂದರೆ ಕಣ್ಣು ಮುಚ್ಚಿಕೊಂಡು 'ಮುಚ್ಚದ ದಾರಿ' ಎನ್ನಿ! ಇದು ಹೇಗೋ ಅತ್ತೆಗೂ ಗೊತ್ತಾಯಿತು. ಟೇಪು ಮನೆಯಲ್ಲಿ ಬಿಟ್ಟು ಹೋಗು ಎಂದೆ. "ಯಾಕ್ ಬುಡ್ಲಿ? ನಾನಂತೂ ಹೇಳ್ಲಿಲ್ಲ. ಕಾಯ್ಲೆಗೆ ಮಾರ್ಕು ಸಾರ್ ಕೊಡ್ಲಿ, ಕೈಗೆ ಮಾರ್ಕು ನಾನ್ ಕೊಡ್ತೀನಿ" ಎಂದಳು.

ಪರೀಕ್ಷೆ ಇಲ್ಲದ ದಿನಗಳಲ್ಲಾದರೂ ಸುಮ್ಮನಿರುತ್ತಿದ್ದಳೇ? ಎಲ್ಲಿಯ ಮಾತು! ಶಿರಾದಲ್ಲಿ ನೂರ್‌ಜಾನ್ ಆಪಾ ಎಂದು ಅವಳ ಗೆಳತಿ. ಲೇಸು, ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟವರು. ಒಮ್ಮೆ ಅತ್ತೆ ಲೈನಿಂಗ್ ತರಲು ಹೋದಾಗ ಆಪಾಗೆ ಜೋರು ಜ್ವರ. ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಹೊಸದಾಗಿ ಬಂದಿದ್ದ ಡಾಕ್ಟರು, ಆಪಾ ಬಾಯಿ ತೆರೆಯುವ ಮುಂಚೆಯೇ ಚೀಟಿ ಬರೆಯಲು ಶುರು ಮಾಡಿದರಂತೆ. ಅತ್ತೆ ಎದ್ದು ನಿಂತಳು. "ನಡಿ ಆಪಾ. ಇವ್ರು ಫೇಲು."

ಆಪಾ ಕುರ್ಚಿ ಬಿಟ್ಟು ಏಳಲಿಲ್ಲ. "ಅರೆ, ಕುತ್ಕೊಳ್ರೀ ಬೆಹೆನ್! ಬುಖಾರು ನಂದು, ಪರೀಕ್ಷೆ ನಿಮ್ದಾ?"

ಪಾವಗಡದಲ್ಲಿ ಇನ್ನೂ ಚೆಂದ. ಅಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಊಟ ಹೆಚ್ಚಾಗಿ ಅತ್ತೆಗೆ ಹೊಟ್ಟೆನೋವು ಬಂತು. ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ, ಇಸ್ತ್ರಿ ಷರ್ಟು ಹಾಕಿಕೊಂಡು ಚರ್ಮದ ಚೀಲ ಹಿಡಿದಿದ್ದ ಒಬ್ಬ ಯುವಕ ಕುಳಿತಿದ್ದ. ಅತ್ತೆ ಅವನ ಮುಂದೆ ಕೈ ಚಾಚಿ ಶುರು ಮಾಡಿಯೇಬಿಟ್ಟಳು. ಹೋಳಿಗೆಯಿಂದ ಹಿಡಿದು ಹುಳಿಯ ತನಕ ತಿಂದದ್ದನ್ನೆಲ್ಲ ಹೇಳಿದಳು. ಅವನು ಅವಳ ಮುಖವನ್ನೇ ನೋಡುತ್ತಾ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ "ಅಯ್ಯೋ ಪಾಪಮು... ಆಮೇಲೆ ಏನಾಯ್ತಮ್ಮಾ?" ಎಂದು ಎಲ್ಲವನ್ನೂ ಕೇಳಿಸಿಕೊಂಡ. ಅತ್ತೆ ನನ್ನ ಕಡೆ ತಿರುಗಿ, "ನೋಡೇ, ಇವ್ನು ಡಾಕ್ಟ್ರು ಅಂದ್ರೆ! ನೂರಕ್ಕೆ ನೂರು!" ಎಂದು ಘೋಷಿಸಿದಳು.

ಯುವಕ ಗಾಬರಿಯಿಂದ ಎದ್ದು ನಿಂತ. "ಅಮ್ಮಾ, ನೇನು ಡಾಕ್ಟರ್ ಕಾದಮ್ಮಾ! ಕಂಪ್ನಿ ಮಾತ್ರೆ ಮಾರೋಕೆ ಬಂದೋನು. ಡಾಕ್ಟ್ರಿಗೋಸ್ಕರ ಕಾಯ್ತಿದೀನಿ."

ಅತ್ತೆ ಸೋಲುವ ಪೈಕಿಯೇ? "ಇರ್ಲಿ ಬುಡಪ್ಪ, ಡಾಕ್ಟ್ರಾಗ್ಬೇಕಾಗಿತ್ತು ನೀನು. ಯಾರೋ ದಾರಿ ತಪ್ಸವ್ರೆ" ಎಂದಳು. ಕೊಟ್ಟ ನೂರರಲ್ಲಿ ಒಂದು ಮಾರ್ಕನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ.

ಹೀಗೆ ನಗುತ್ತಾ ಇದ್ದೆವು. ಆದರೆ ಹೋದ ವರ್ಷದಿಂದ ಅತ್ತೆ ಒಂದು ಬ್ಲೌಸ್ ಮುಗಿಸುವುದರೊಳಗೆ ಮೂರು ಸಲ ಮಿಷನ್ ನಿಲ್ಲಿಸಿ ಉಸಿರು ತೆಗೆದುಕೊಳ್ಳತೊಡಗಿದಳು. ಪಾದ ಊದಿಕೊಳ್ಳುತ್ತಿತ್ತು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಜಗಲಿಯ ಮೇಲೆ ಕುಸಿದು ಕೂತು, "ಬಿಸ್ಲು ಜಾಸ್ತಿ ಆಗೈತೆ ಕಣೇ" ಎನ್ನುತ್ತಿದ್ದಳು. ಮೋಡ ಮುಚ್ಚಿದ ದಿನವೂ ಬಿಸಿಲಿನ ಮೇಲೇ ಹಾಕುತ್ತಿದ್ದಳು. ಕರೆದುಕೊಂಡು ಹೋಗಿ ತೋರಿಸಿದೆ. ಪ್ರೊಫೆಸರು ನನ್ನನ್ನು ಪಕ್ಕಕ್ಕೆ ಕರೆದು, ಇಷ್ಟು ದಿನ ತಡೆದುಕೊಂಡದ್ದೇ ಹೆಚ್ಚು, ಇನ್ನು ಬಿಟ್ಟರೆ ಹೃದಯ ಕೈಕೊಡುತ್ತದೆ ಎಂದರು. ಎದೆ ಕೊಯ್ಯುವುದೂ ಬೇಡ, ತೊಡೆಯ ರಕ್ತನಾಳದಿಂದ ಒಂದು ಸಣ್ಣ ಮುಚ್ಚಳ ಕಳಿಸಿ ದಾರಿ ಮುಚ್ಚಬಹುದು ಎಂದರು.

"ಆಗಾಕಿಲ್ಲ" ಎಂದಳು ಅತ್ತೆ.

"ಯಾಕತ್ತೆ? ಭಯಾನಾ?"

"ಭಯ ಎಂಥದ್ದೇ? ಮುಚ್ಚಿದ್ರೆ ಮಿಲ್ಲು ನಿಂತೋಯ್ತದಂತೆ. ಮಿಲ್ಲಿಲ್ದೆ ನನ್ನ ಪರೀಕ್ಷೆಗ್ ಯಾರ್ ಕರೀತಾರೆ?"

ನಾನು ಕೂಗಾಡಿದೆ. ಅಪ್ಪ ಗದರಿದರು. ನೂರ್‌ಜಾನ್ ಆಪಾ ಶಿರಾದಿಂದ ಬಂದು ಕೈ ಹಿಡಿದು ಬೇಡಿದರು. ಅತ್ತೆ ಜಗ್ಗಲಿಲ್ಲ. ನನಗೂ ಹಟ ಬಂತು. ಅದೇ ಮನೆತನದವಳಲ್ಲವೇ ನಾನೂ? ಶಾಲೆಗೆ ರಜೆ ಹಾಕಿ ಪ್ರೊಫೆಸರ ಹತ್ತಿರ ಹೋಗಿ ಕುಳಿತೆ. ಅವರೂ ನನ್ನ ಕಡೆ ಸೇರಿ, ಅತ್ತೆಗೆ ಫೋನ್ ಮಾಡಿ, "ಅಮ್ಮಾ, ಈ ಸ್ಥಿತಿಯಲ್ಲಿ ನಿಮ್ಮನ್ನ ಪರೀಕ್ಷೆಗೆ ಕರೆಯಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಆ ಕಡೆಯಿಂದ ಅತ್ತೆಯ ದನಿ ನನಗೂ ಕೇಳಿಸಿತು. "ಅಂಗಾರೆ ಮುಚ್ಚಿಸ್ಕತೀನಿ. ಮುಚ್ಚಿದ್ ಮ್ಯಾಲೂ ಕರೀತೀನಿ ಅಂತ ಮಾತ್ ಕೊಡಿ ಸಾರ್."

"ಏನೂ ಇಲ್ಲದ ಎದೆ ಇಟ್ಕೊಂಡು ನಾನೇನಮ್ಮ ಪರೀಕ್ಷೆ ಮಾಡ್ಲಿ?"

"ಅದು ನಂಗೆ ಗೊತ್ತಿಲ್ಲ. ನೀವ್ ಓದಿರೋರು, ಯೋಚ್ನೆ ಮಾಡ್ರಿ."

ಪ್ರೊಫೆಸರು ತಲೆ ಕೆರೆದುಕೊಂಡು ಮಾತು ಕೊಟ್ಟರು.

ಹೃದಯದ ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ಯುವ ಮುಂಚೆ ಒಬ್ಬ ಯುವ ಡಾಕ್ಟರು ಬಂದು, ಅತ್ತೆಯ ಮುಖ ನೋಡಿ, ಹೆಸರು ಹಿಡಿದು ಕರೆದು, "ನನ್ನ ಗುರ್ತು ಸಿಕ್ತಾಮ್ಮ? ನೀವು ಫೇಲ್ ಮಾಡಿದ ಹುಡುಗ" ಎಂದರು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಅಯ್ಯೋ, ಫೇಲ್ ಮಾಡಿದೋನ್ ಕೈಗೇ ಸಿಕ್ಕಾಕ್ಕಂಡ್ನಲ್ಲೇ!" ಎಂದಳು. ಡಾಕ್ಟರು ನಗುತ್ತಾ ಎರಡೂ ಕೈ ಉಜ್ಜಿ ಅವಳ ಕೆನ್ನೆಗೆ ಮುಟ್ಟಿಸಿ ತೋರಿಸಿದರು. "ಊಂ, ಈಗ ಪಾಸು. ನಡಿಯಪ್ಪ" ಎಂದಳು. ಬಾಗಿಲು ಮುಚ್ಚಿದ ಮೇಲೆ ಅವಳ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಾನು ಹೊರಗೆ ಕುಳಿತೆ. ನನ್ನನ್ನು ಸಾಕಿದ ಎದೆ ಅದು. ಅದಕ್ಕೇನಾದರೂ ಆದರೆ?

ಏನೂ ಆಗಲಿಲ್ಲ. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಮಲಗಿದ್ದವಳು ನನ್ನನ್ನು ಕರೆದು, "ಕಿವಿ ಇಕ್ಕಿ ನೋಡೇ" ಎಂದಳು. ಎಷ್ಟು ವರ್ಷವಾಗಿತ್ತು ಹಾಗೆ ಕಿವಿಯಿಟ್ಟು! ಲಬ್-ಡಬ್, ಲಬ್-ಡಬ್. ಮಿಲ್ಲು ನಿಂತುಹೋಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಕಿವಿಯನ್ನು ಆ ಕಡೆ ಈ ಕಡೆ ಸರಿಸಿ ಮಿಲ್ಲನ್ನು ಹುಡುಕಿದೆ. ಅತ್ತೆ ಸೂರು ನೋಡುತ್ತಾ, "ದಿಂಬಿಗ್ ತಲೆ ಕೊಟ್ರೆ ಏನೂ ಕೇಳಿಸಾಕಿಲ್ಲ. ಮನೇಲ್ ಯಾರೂ ಇಲ್ವೇನೋ ಅನ್ಸ್ತದೆ" ಎಂದಳು.

ಉಸಿರಾಟ ಹಗುರವಾಯಿತು, ಪಾದದ ಊತ ಇಳಿಯಿತು. ಮಿಷನ್ ಮತ್ತೆ ಓಡಿತು. ಆದರೆ ಫೋನ್ ಸದ್ದಾದಾಗಲೆಲ್ಲ ಅತ್ತೆಯ ಕಾಲು ಪೆಡಲಿನ ಮೇಲೆ ನಿಲ್ಲುತ್ತಿತ್ತು. ಬೇರೆ ಯಾರದ್ದೋ ಎಂದು ಗೊತ್ತಾದ ಮೇಲೆ ಮತ್ತೆ ತುಳಿಯುತ್ತಿದ್ದಳು. ಕರೆಯುವುದಿಲ್ಲ ಎಂದೇ ನಾನೂ ಅಂದುಕೊಂಡಿದ್ದೆ. ಕೊನೆಗೊಂದು ದಿನ ಕರೆ ಬಂತು! ಅಂತಿಮ ಪರೀಕ್ಷೆಗೆ ಮುಂಚೆ ಕಾಲೇಜಿನವರೇ ನಡೆಸುವ ಪರೀಕ್ಷೆಯಂತೆ. "ಯೋಚನೆ ಮಾಡಿದೆ ಅಂತ ನಿಮ್ಮತ್ತೆಗೆ ಹೇಳಿ. ಟೇಪು ಮರೀದೆ ಹಾಕ್ಕೊಂಡು ಬರಲಿ" ಎಂದರು ಪ್ರೊಫೆಸರು.

ನಾನೂ ಜೊತೆಗೆ ಹೋಗಿ ಪರದೆಯ ಹಿಂದಿನ ಸ್ಟೂಲಿನ ಮೇಲೆ ಕುಳಿತು ಸಂದಿಯಲ್ಲಿ ಇಣುಕುತ್ತಿದ್ದೆ. ಮೊದಲ ಹುಡುಗ ಬಂದ. ಮೂಗುಬೊಟ್ಟು ನೋಡಿದ, ಟೇಪು ನೋಡಿದ, ಮುಖ ಅರಳಿತು. ಬಿಲ್ಲೆಯನ್ನು ಎದೆಗೆ ಹಾಗೆ ಮುಟ್ಟಿಸಿ ಹೀಗೆ ತೆಗೆದ.

"ಸರ್, ಎಡೆಬಿಡದ ಗಿರಣಿ ಸದ್ದು! ಮುಚ್ಚದ ದಾರಿ, ಸರ್!"

"ಕೇಳಿಸ್ತಾ?" ಎಂದರು ಪ್ರೊಫೆಸರು.

"ತುಂಬ ಸ್ಪಷ್ಟವಾಗಿ, ಸರ್!"

ಎರಡನೆಯವನಿಗೆ ಇಲ್ಲದ ಸದ್ದು ಬೆನ್ನಿನ ಕಡೆಗೂ ಕೇಳಿಸಿತು. ಮೂರನೆಯವನಂತೂ ಅಂಗೈ ಇಟ್ಟು, "ಕೈಗೇ ತಗಲ್ತಾ ಇದೆ ಸರ್" ಎಂದ! ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅತ್ತೆ ಮಾತ್ರ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಸೂರು ನೋಡುತ್ತಾ ಮಲಗಿದ್ದಳು. ಪರೀಕ್ಷಕಿ ಅಂದ ಮೇಲೆ ಹಾಗಿರಬೇಕಲ್ಲ.

ಆಮೇಲೆ ಸಣಕಲು ಮೈಯ ಒಬ್ಬ ಹುಡುಗಿ ಬಂದಳು. ಪರದೆ ಎಳೆದಳು. ಹೆಸರು ಕೇಳಿದಳು. ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿದಳು. "ನೋಡ್ಲಾಮ್ಮ?" ಎಂದಳು. ಕೇಳಿದಳು, ಹುಬ್ಬು ಗಂಟು ಹಾಕಿದಳು. ಎಡಕ್ಕೆ ಮಗ್ಗುಲಾಗಿ ಎಂದಳು, ಎದ್ದು ಮುಂದಕ್ಕೆ ಬಾಗಿ ಎಂದಳು, ಉಸಿರು ಹಿಡಿಯಿರಿ ಎಂದಳು. ಅವಳ ಹಣೆಯಲ್ಲಿ ಬೆವರು. ಅತ್ತೆಯ ಕೊರಳಿನ ಟೇಪನ್ನು ಒಮ್ಮೆ ನೋಡಿ, ಮತ್ತೆ ಕಣ್ಣು ಮುಚ್ಚಿ ಕೇಳಿದಳು.

"ಹೇಳಮ್ಮ, ಏನು ಕೇಳಿಸ್ತು?" ಎಂದರು ಪ್ರೊಫೆಸರು.

"ಸರ್... ಏನೂ ಇಲ್ಲ."

"ಎಲ್ಲರಿಗೂ ಕೇಳಿಸಿದೆಯಲ್ಲಮ್ಮ?"

ಹುಡುಗಿಯ ಕಿವಿ ಕೆಂಪಾಯಿತು. ಅತ್ತೆಯ ಕಡೆ ತಿರುಗಿ, "ಇನ್ನೊಂದ್ಸಲ ನೋಡ್ಲಾಮ್ಮ?" ಎಂದು ಕೇಳಿ, ಮತ್ತೆ ಬಿಲ್ಲೆ ಉಜ್ಜಿ, ನಿಧಾನವಾಗಿ ಒಂದೊಂದೇ ಜಾಗದಲ್ಲಿ ಇಟ್ಟು ಕೇಳಿದಳು. ಅತ್ತೆಯ ಸೆರಗು ಸರಿ ಮಾಡಿ ಎದ್ದು ನಿಂತಳು. ಪ್ರೊಫೆಸರ ಮುಖ ನೋಡಿಯೇ ಹೇಳಿದಳು.

"ಇಲ್ಲ ಸರ್. ಈ ಅಮ್ಮನ ಎದೆ ಸರಿಯಾಗಿದೆ."

ಅತ್ತೆ ಮಂಚದ ಮೇಲೆ ಎದ್ದು ಕುಳಿತಳು. ಇಷ್ಟು ವರ್ಷ ಯಾವ ಪರೀಕ್ಷೆಯಲ್ಲೂ ತೋರಿಸದಿದ್ದ ಮುಖ ಅದು. ಮೂಗುಬೊಟ್ಟಿನ ಪಕ್ಕದಲ್ಲಿ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹುಡುಗಿ ಹೆದರಿಹೋದಳು. ತಾನು ತಪ್ಪು ಹೇಳಿದೆನೆಂದೇ ಅಂದುಕೊಂಡಿರಬೇಕು. ಅತ್ತೆ ಅವಳ ಬೆಚ್ಚಗಿನ ಕೈ ಹಿಡಿದುಕೊಂಡಳು.

"ಇನ್ನೊಂದ್ ಸಲ ಹೇಳವ್ವ."

"ನಿಮ್ಮ ಎದೆ... ಸರಿಯಾಗಿದೆ ಅಮ್ಮ" ಎಂದಳು ಹುಡುಗಿ, ಮೆಲ್ಲಗೆ.

"ಅಂಗಲ್ಲ ಕಣವ್ವ. ಜೋರಾಗ್ ಹೇಳು. ಹುಲಿಕುಂಟೆಗಂಟ ಕೇಳಿಸ್ಬೇಕು."